ಅರ್ಧ ಮುಟ್ಟಿಸಿದ ಸುದ್ದಿ

ನನ್ನ ಮೊಮ್ಮಗಳಿಗೆ ಲೈಸೆನ್ಸ್ ಬಂದಿದೆ! ಮೋಟಾರು ಓಡಿಸುವ ಲೈಸೆನ್ಸ್ ಅಲ್ಲ, ರೇಡಿಯೋದಲ್ಲಿ ಮಾತಾಡುವ ಲೈಸೆನ್ಸ್. ಸರ್ಕಾರದ ಮುದ್ರೆ ಒತ್ತಿದ ಕಾಗದ. ಅದರಲ್ಲಿ ಅವಳದೇ ಒಂದು ಗುರುತಿನ ಅಕ್ಷರಸಾಲು ಇದೆ. ಆ ಸಾಲು ಈ ಭೂಮಿಯ ಮೇಲೆ ಇನ್ನೊಬ್ಬರಿಗೆ ಇರುವುದಿಲ್ಲ. ಆ ಕಾಗದವನ್ನು ನಾನು ಎಷ್ಟು ಸಲ ಬಿಚ್ಚಿ ಎಷ್ಟು ಸಲ ಮಡಚಿದೆನೆಂದರೆ ಮಡಿಕೆಯ ಕಡೆ ಹರಿಯತೊಡಗಿದೆ. ಓಣಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ಬಿಡಲಿಲ್ಲ, ಸೈಕಲ್ ನಿಲ್ಲಿಸಿ ತೋರಿಸಿದೆ.

"ಇದ್ರಾಗ ಏನ್ ಬರದಾರ್ರಿ ಅಜ್ಜಾರ?" ಅಂದ ಅವನು.

"ನನಗೂ ಪೂರಾ ಓದಾಕ ಬರಂಗಿಲ್ಲೋ ತಮ್ಮಾ. ಆದ್ರ ಭಾಳ ಚೊಲೋ ಬರದಾರ," ಅಂದೆ.

ಹುಡುಗಿಗೆ ಹದಿನಾರು ವರ್ಷ. ಮಗಳ ಮಗಳು. ಮೊದಲನೇ ದಿನ ನನ್ನ ಹಳೇ ಕುರ್ಚಿಯಲ್ಲಿ ಕೂತು, ಮೈಕು ಹಿಡಿದು, ತನ್ನ ಅಕ್ಷರಸಾಲು ಹೇಳಿ, ಯಾರಾದರೂ ಇದ್ದೀರಾ ಎಂದು ಗಾಳಿಯನ್ನು ಕೇಳಿದಳು. ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಎಲ್ಲೋ ಸಮುದ್ರದ ದಂಡೆಯ ಊರಿನಿಂದ ಒಬ್ಬ ಮುದುಕನ ದನಿ ಎದ್ದು ಬಂತು, ಮಗಳೇ ಚೆನ್ನಾಗಿ ಕೇಳಿಸುತ್ತಿದೆ ಎಂದಿತು. ನನ್ನ ಕಣ್ಣಿನ ನೀರು ನಿಲ್ಲಲೇ ಇಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು: "ನೋಡ್ರಿ ಇವರ್ನ! ಕೂಸು ರೇಡಿಯೋದಾಗ ಮಾತಾಡಿದ್ರ, ಮದುವಿ ಮಾಡಿ ಗಂಡನ ಮನಿಗೆ ಕಳಿಸಿದಂಗ ಅಳಾಕತ್ತಾರ."

ಆಗ ಹುಡುಗಿ ನನ್ನ ಕಡೆ ತಿರುಗಿ ಒಂದು ಮಾತು ಕೇಳಿದಳು. "ಅಜ್ಜಾ, ಆಪತ್ತಿನ ಸುದ್ದಿ ಬಂದ್ರ ಅದ್ರಾಗ ಒಂದು ಶಬ್ದ ಕೂಡಸಬಾರದು, ಒಂದು ಶಬ್ದ ತಗೀಬಾರದು, ಯಾರಿಗೆ ಬಂದೈತಿ ಅವರಿಗೆ ಮುಟ್ಟಸಬೇಕು ಅಂತ ನನಗ ಕಲಿಸಿದಿ ಹೌದಿಲ್ಲೋ? ನೀ ಎಲ್ಲಾ ಮುಟ್ಟಿಸೀಯೇನು?"

"ಎಲ್ಲಾ ಮುಟ್ಟಿಸೇನಿ," ಅಂದೆ.

ಅದು ಸುಳ್ಳು. ಒಂದು ಸುದ್ದಿಯನ್ನು ಅರ್ಧ ಕತ್ತರಿಸಿ ಇಟ್ಟುಕೊಂಡಿದ್ದೆ. ಅಷ್ಟು ಖುಷಿಯ ದಿನ ಅದು ನನ್ನ ಬೆನ್ನ ಹಿಂದೆ ಬಂದು ನಿಂತಿತು. ಅದಕ್ಕೇ ಈಗ ಪೆನ್ನು ಹಿಡಿದು ಕೂತಿದ್ದೇನೆ. ಬರೆಯುವ ರೂಢಿ ಇಲ್ಲ, ತಪ್ಪು ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಓದಿದ್ದು ಸಿಂದಗಿಯ ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ಆಮೇಲೆ ಎತ್ತು, ಹೊಲ. ಮೀಸೆ ಮೂಡುವ ಹೊತ್ತಿಗೆ ಫೌಜಿಗೆ ಸೇರಿದೆ. ಅಲ್ಲಿ ನನ್ನನ್ನು ಸಿಗ್ನಲ್ ಪಡೆಗೆ ಹಾಕಿದರು. ಇಂಗ್ಲಿಷ್ ಅಕ್ಷರಗಳನ್ನು ನಾನು ಕಣ್ಣಿನಿಂದ ಕಲಿಯುವ ಮೊದಲು ಕಿವಿಯಿಂದ ಕಲಿತೆ. ಗಿಡ್ಡ ಸದ್ದು, ಉದ್ದ ಸದ್ದು, ಇವೆರಡರಲ್ಲೇ ಎಲ್ಲ ಅಕ್ಷರ. ಬರೆದು ತೋರಿಸಿದರೆ ತಡವರಿಸುತ್ತಿದ್ದೆ. ಕೀ ಎನ್ನುವ ಸಣ್ಣ ಗುಂಡಿಯನ್ನು ಟಕಟಕ ಬಡಿದರೆ ಥಟ್ಟನೆ ಹೇಳುತ್ತಿದ್ದೆ. ಎಪ್ಪತ್ತೊಂದರ ಲಡಾಯಿ ಮುಗಿದ ಮೇಲೆ ಊರಿಗೆ ಬಂದೆ. ಸಿಂದಗಿಯಲ್ಲಿ ಒಂದು ಖೋಲಿ ಹಿಡಿದು ರೇಡಿಯೋ ರಿಪೇರಿ ಮಾಡಿಕೊಂಡು ಕೂತೆ. ಆದರೆ ಬೆರಳು ಸುಮ್ಮನಿರಲಿಲ್ಲ. ಊಟಕ್ಕೆ ಕೂತಾಗಲೂ ತಾಟಿನ ಅಂಚಿಗೆ ಬಡಿಯುತ್ತಿತ್ತು. ಹವ್ಯಾಸಕ್ಕೆ ರೇಡಿಯೋ ಇಟ್ಟುಕೊಳ್ಳಲು ಸರ್ಕಾರ ಲೈಸೆನ್ಸ್ ಕೊಡುತ್ತದೆ ಎಂದು ಫೌಜಿನ ಗೆಳೆಯನೊಬ್ಬ ಬರೆದ. ಅದರ ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ, ಮೂರನೇ ಸಲ ಪಾಸಾದೆ.

ಮಿಲಿಟರಿ ಗುಜರಿಯಿಂದ ತಂದ ಸೆಟ್ಟು ಅದು. ಬಲ್ಬಿನಂಥ ವಾಲ್ವುಗಳು ಕೆಂಪಗೆ ಉರಿಯುತ್ತಿದ್ದವು. ಲಾರಿಯ ಬ್ಯಾಟರಿ ಜೋಡಿಸಿದ್ದೆ. ಏರಿಯಲ್ ಎಂದರೆ ಮಾಳಿಗೆಯ ಮೇಲಿನ ಬಿದಿರಿನಿಂದ ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ ತಾಮ್ರದ ತಂತಿ. ಓಣಿಯ ಹೆಂಗಸರು ಮೊದಲು ಅದರ ಮೇಲೆ ಅರಿವೆ ಒಣಹಾಕಿದರು. ಆಮೇಲೆ ಅದು ಸಿಡಿಲನ್ನು ಕರೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ಅದರ ಕೆಳಗೆ ಹಾಯುವುದನ್ನೂ ಬಿಟ್ಟರು.

ನನ್ನ ಹೆಂಡತಿ ಕನ್ನೊಳ್ಳಿಯವಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಗಟು ಕಟ್ಟಿ ಒಂದು ಸಲ ಹೇಳಿಸಿದರೆ ಮುಗಿಯಿತು. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎನ್ನುವವರು ಆಗ ಮನೆಮನೆಯಲ್ಲಿದ್ದರು. ಇವಳು ಮಾತ್ರ ನಾನು ಕೀ ಬಡಿಯುವುದನ್ನು ಕೇಳಿ ಕೇಳಿ ನನ್ನ ಗುರುತಿನ ಅಕ್ಷರಗಳ ಸದ್ದನ್ನು ಬಾಯಿಪಾಠ ಮಾಡಿದ್ದಳು. ರೊಟ್ಟಿ ಆದಾಗ ಒಲೆಯ ಮುಂದಿನಿಂದ ಚಮಚೆಯಲ್ಲಿ ಹಂಚಿಗೆ ಅದನ್ನೇ ಬಡಿದು ನನ್ನನ್ನು ಕರೆಯುತ್ತಿದ್ದಳು. "ಹೆಸರು ಹೇಳಬಾರದು ಅಂದಾರ. ಬಡೀಬಾರದು ಅಂತ ಯಾರಂದಾರ?" ಎನ್ನುತ್ತಿದ್ದಳು.

ನಮ್ಮ ಸುತ್ತಿನಲ್ಲಿ ಇನ್ನೊಂದು ಸೆಟ್ಟು ಇದ್ದದ್ದು ಇಂಡಿಯಲ್ಲಿ. ಅದು ತಾರಿನ ಕೆಲಸದಿಂದ ನಿವೃತ್ತರಾದ ಒಬ್ಬ ಮಾಸ್ತರರದು. ದಿನಾ ಮುಂಜಾನೆ ಒಂಬತ್ತಕ್ಕೆ ನಾವು ಮಾತಾಡುತ್ತಿದ್ದೆವು. ಅವರ ಹೊಟ್ಟೆಯುಬ್ಬರ, ನನ್ನ ಬ್ಯಾಟರಿ, ಹೊರ್ತಿ ಕಡೆಯ ದಾಳಿಂಬೆ, ಇಂಥವೇ ಮಾತು. ತಮ್ಮ ಮಾತು ಮುಗಿಯಿತು, ಇನ್ನು ನೀನು ಹೇಳು ಎನ್ನಲು ಎರಡು ಮಾತಿಗೊಮ್ಮೆ ಅವರು "ಓವರ್" ಅನ್ನುವರು. ಮನೆಯಲ್ಲಿ ಹೆಂಡತಿಯ ಜೊತೆಗೂ ಹಾಗೇ ಅನ್ನುತ್ತಾರೆಂದು ಅವರೇ ಹೇಳಿ ನಗುವರು.

ಒಂದು ವರ್ಷ ಭಾದ್ರಪದದಲ್ಲಿ ಭೀಮೆ ನೆರೆಯಾಗಿ ಬಂದಳು. ನಮ್ಮ ಮೇಲೆ ಆಕಾಶ ತೊಳೆದಿಟ್ಟಂತೆ ನೀಲಿ, ಬಿಸಿಲು ಬೇರೆ. ಮಳೆಯೆಲ್ಲ ಮೇಲಿನ ಸೀಮೆಯಲ್ಲಿ. ಒಣ ಬಿಸಿಲಿನಲ್ಲಿ ನೀರು ಸದ್ದಿಲ್ಲದೆ ಏರುವುದನ್ನು ನೋಡಿದವರಿಗೇ ಗೊತ್ತು ಆ ಹೆದರಿಕೆ. ಮೊದಲು ದಂಡೆಯ ಹೊಲ, ಆಮೇಲೆ ಹಳ್ಳಗಳಿಗೆ ಹಿನ್ನೀರು ನುಗ್ಗಿ ಹಾದಿ ಮುಳುಗಿದವು. ಸಿಂದಗಿಗೂ ಇಂಡಿಗೂ ನಡುವೆ ಟೆಲಿಫೋನಿನ ಕಂಬಗಳು ಮಲಗಿದವು. ತಾರು ಇಲ್ಲ, ಬಸ್ಸು ಇಲ್ಲ. ಹೊರಗಿನಿಂದ ಬಂದ ಪರಿಹಾರದ ದೋಣಿಗಳು ಇಂಡಿಯ ಕಡೆ ಇದ್ದವು. ಮಾಸ್ತರರು ತಮ್ಮ ಸೆಟ್ಟನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ದೋಣಿಯವರು ಇಳಿದಿದ್ದ ಜಾಗಕ್ಕೇ ಹೋಗಿ ಕೂತರು. ಈ ಕಡೆಯ ಊರುಗಳಿಂದ ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ನಾನು ಹೇಳುವುದು, ಅವರು ಬರೆದು ದೋಣಿಯವರ ಕೈಗೆ ಕೊಡುವುದು. ಎರಡು ದಿನ ಕೀ ಬಿಟ್ಟು ಏಳಲಿಲ್ಲ. ದೂರದೂರದ ಊರುಗಳ ರೇಡಿಯೋದವರು ನಮ್ಮ ಸುದ್ದಿಗೆ ಜಾಗ ಬಿಟ್ಟು ಬಾಯಿ ಮುಚ್ಚಿಕೊಂಡು ಕೂತಿದ್ದರು. ಆಪತ್ತಿನ ಸುದ್ದಿ ನಡೆದಾಗ ಉಳಿದವರು ಮೌನವಾಗಬೇಕು. ಅಷ್ಟು ಮಂದಿಯ ಆ ಮೌನ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಭಾರವಾಗಿ ಕೇಳಿಸುತ್ತದೆ.

ತಡೀರಿ. ಪಕ್ಕದ ಖೋಲಿಯಲ್ಲಿ ಮೊಮ್ಮಗಳು ಯಾರ ಜೊತೆಗೋ ನಗುತ್ತ ಮಾತಾಡುತ್ತಿದ್ದಾಳೆ. ನಮ್ಮೂರು ಎಲ್ಲಿದೆ ಎಂದು ಆ ಕಡೆಯವರು ಕೇಳಿದರೆಂದು ಕಾಣುತ್ತದೆ. ಬಸವನ ಬಾಗೇವಾಡಿಯಿಂದ ಬಡಗಣಕ್ಕೆ ಎಂದು ಎಷ್ಟು ಠೀವಿಯಿಂದ ಹೇಳಿದಳು! ದೇವರೇ, ಈ ದನಿ ಕೇಳುತ್ತ ನಾನು ಆ ಮಧ್ಯಾಹ್ನವನ್ನು ಬರೆಯಬೇಕು.

ಎರಡನೇ ದಿನ ಮೂರು ಗಂಟೆಯ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದಳು. ಇಪ್ಪತ್ತರ ಸುಮಾರು. ಮೊಣಕಾಲಿನತನಕ ಎರೆಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕಂಕುಳಲ್ಲಿ ಕೂಸು. ತವರು ಬಾಗೇವಾಡಿ, ಕೊಟ್ಟದ್ದು ಭೀಮಾ ದಂಡೆಯ ಒಂದು ಹಳ್ಳಿಗೆ. ಆಕೆ ಕೂಸಿನೊಡನೆ ಈ ಕಡೆ ದಾಟಿದ್ದಳು. ಗಂಡ ಹೊಲದ ಪಂಪು ಬಿಚ್ಚಿ ತರಲು ಹೋದವನು ದಿಬ್ಬದ ಮೇಲೆ ಸಿಕ್ಕಿಕೊಂಡಿದ್ದ. ಲಾರಿಯವರು ಯಾರೋ ಆಕೆಯನ್ನು ನನ್ನ ಬಾಗಿಲಿಗೆ ತಂದು ಬಿಟ್ಟು ಹೋಗಿದ್ದರು.

"ಯಣ್ಣಾ, ನಮ್ಮ ಮನಿಯವರು ದಿಬ್ಬದ ಮ್ಯಾಲ ಅದಾರ. ಸುತ್ತ ನೀರು ಬಂದೈತಿ. ದೋಣಿ ಕಳಸಾಕ ಹೇಳ್ರಿ, ನಿಮ್ಮ ಕಾಲ ಬೀಳ್ತೇನಿ."

"ಕಳಸೂಣು ತಂಗಿ. ಹೊಲ ಯಾ ಕಡೆ, ಹೇಳು."

ಹೇಳಿದಳು. ಊರಿಂದ ಮೂಡಲಕ್ಕೆ, ಪಂಪಿನ ಮನೆ ಇರುವ ದಿಬ್ಬ, ಎರಡು ಬೇವಿನ ಗಿಡ. ಬರೆದುಕೊಂಡೆ.

"ಹೆಸರು?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೆಸರು ಬೇಕವ್ವಾ. ದೋಣಿಯವರು ಹೆಸರು ಹಿಡದು ಕೂಗ್ತಾರ."

"ನಾ ಹೆಂಗ ಹೇಳ್ಲಿರಿ? ನೀರಾಗ ನಿಂತಾರ ಅವರು. ಈ ಹೊತ್ತಿನ್ಯಾಗ ನನ್ನ ಬಾಯಾಗಿಂದ ಹೆಸರು ಹೊಂಟ್ರ ಅವರ ಆಯುಷ್ಯ ಏನಾಗಬೇಕು?"

"ಮಾವನ ಹೆಸರರೆ ಹೇಳು."

ಅದನ್ನೂ ಹೇಳುವಂತಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದಳು. ಆಕೆಗೆ ಬರೆಯಲು ಬರುತ್ತಿರಲಿಲ್ಲ. ಓಣಿಯಲ್ಲಿ ಆಕೆಯ ಊರಿನವರು ಯಾರೂ ಇರಲಿಲ್ಲ. ನಾನು ಕೇಳುತ್ತ ಹೋದೆ, ಆಕೆ ತಲೆಯಲ್ಲೇ ಉತ್ತರ ಕೊಟ್ಟಳು: ದೇವರ ಹೆಸರೋ, ಹೌದು; ಈಶ್ವರನದೋ, ಅಲ್ಲ; ಹನುಮಪ್ಪನದೋ, ಅಲ್ಲ. ಅಷ್ಟರಲ್ಲಿ ನನ್ನ ಹೆಂಡತಿ ಒಳಗಿನಿಂದ ಬಂದು ಕೂಸನ್ನು ಎತ್ತಿಕೊಂಡಳು.

"ಬಿಡ್ರಿ, ಯಾಕ ಅಕಿನ್ನ ಕಾಡ್ತೀರಿ? ಗಂಡನ ಹೆಸರು ಹೆಂಡತಿ ಹೆಂಗ ಹೇಳ್ತಾಳ? ಜಾಗಾ ಹೇಳ್ಯಾಳಲ್ಲ, ಸಾಕಲ್ಲ," ಅಂದಳು.

ಇಂಡಿಯ ಕಡೆಯಿಂದ ಮಾಸ್ತರರ ಕೀ ಬಡಿಯತೊಡಗಿತು: ದೋಣಿ ಹೊರಟಿದೆ, ಸುದ್ದಿ ಇದ್ದರೆ ಈಗಲೇ ಕೊಡು. ನನಗೂ ಸಾಕು ಎನ್ನಿಸಿತು. ನನ್ನ ತಪ್ಪು ಇಲ್ಲಿದೆ, ಅದನ್ನು ಬಿಡಿಸಿ ಹೇಳುತ್ತೇನೆ. ಫೌಜಿನಲ್ಲಾಗಿದ್ದರೆ ಹೆಸರಿಲ್ಲದ ಸುದ್ದಿಯನ್ನು ನಾನು ಮುಟ್ಟುತ್ತಿರಲಿಲ್ಲ. ಆದರೆ ಇದು ನನ್ನ ಮನೆ. ಗಂಡನ ಹೆಸರು ಹೇಳದ ಹೆಂಡತಿ ಎದುರಿಗೆ ನಿಂತಿದ್ದಾಗ ಅದು ನನಗೆ ಕೊರತೆಯಾಗಿ ಕಾಣಲೇ ಇಲ್ಲ, ಮರ್ಯಾದೆಯಾಗಿ ಕಂಡಿತು. ಹೆಸರು ಬರೆಯುವ ಜಾಗದಲ್ಲಿ ನಾನು "ಒಬ್ಬ ಮನುಷ್ಯ" ಎಂದು ಹಾಕಿದೆ. ದಿಬ್ಬದ ಮೇಲೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಲಿಲ್ಲ. ಆಕೆ ಒಬ್ಬನ ಬಗ್ಗೆ ಹೇಳಿದಳು, ನಾನು ಒಬ್ಬ ಎಂದು ಬಡಿದೆ.

ದೀಪ ಹಚ್ಚುವ ಹೊತ್ತಿಗೆ ಉತ್ತರ ಬಂತು: ಪಂಪಿನ ಮನೆಯ ದಿಬ್ಬ, ಒಬ್ಬ ಮನುಷ್ಯ, ತರಲಾಗಿದೆ.

"ಪಾರಾದ್ರು ನೋಡವ್ವಾ ನಿಮ್ಮವರು!" ಎಂದು ನಾನೇ ಎದ್ದು ಹೇಳಿದೆ. ಆಕೆಯ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಸೆಟ್ಟಿಗೆ ಕುಂಕುಮ ಹಚ್ಚಿದಳು. "ಇದು ದೇವರು," ಅಂದಳು. "ದೇವರಲ್ಲ, ಮಿಲಿಟರಿ ಗುಜರಿ," ಎಂದು ನನ್ನ ಹೆಂಡತಿ ನಗೆಯಾಡಿದಳು. ಆ ಹೊತ್ತು ನಾವು ಮೂವರೂ ನಗುತ್ತ ರೊಟ್ಟಿ ತಿಂದೆವು.

ಮುಂಜಾನೆ ಏಳಕ್ಕೆ ಮಾಸ್ತರರು ಕೀ ಬಿಟ್ಟು ಮೈಕಿನಲ್ಲೇ ಕೂಗಿದರು. ಗರಗರದ ನಡುವೆ ಮಾತು ಒಡೆದು ಒಡೆದು ಬರುತ್ತಿತ್ತು.

"ನಿನ್ನೆ ದೋಣಿಯವರು ತಂದದ್ದು ಒಬ್ಬ ಕುರಿ ಕಾಯೂ ಮುದುಕನ್ನ. ಅವನ ಹೆಂಡತಿ ಸತ್ತು ಹತ್ತು ವರ್ಷ ಆಗೈತಂತ. ಓವರ್."

ನನಗೆ ತಿಳಿಯಲಿಲ್ಲ. ಮತ್ತೆ ಹೇಳಿ ಅಂದೆ.

"ದಿಬ್ಬದ ಆಚಿ ತುದಿಗೆ ಪಂಪಿನ ಮನಿ ಮಾಳಗಿ ಮ್ಯಾಲ ಇನ್ನೊಬ್ಬ ಇದ್ದನಂತ, ಪ್ರಾಯದಾವ. ಮುದುಕ ದೋಣಿಯವರಿಗೆ ಹೇಳ್ಯಾನ. ಅವರು ಕಾಗದ ನೋಡ್ಯಾರ. ಕಾಗದದಾಗ ಒಬ್ಬ ಅಂತ ಐತಿ. ಹೊತ್ತು ಮುಳಗಾಕ ಬಂದಿತ್ತು, ನಾಳೆ ಬರ್ತೇವಿ ಅಂತ ತಿರಿಗ್ಯಾರ. ಈಗ ದೋಣಿ ಹೊಂಟೈತಿ. ನೀರು ಮತ್ತ ಏರೇತಿ, ಅಲ್ಲಿ ಅದಾನೋ, ಗಿಡ ಹಿಡದಾನೋ ಗೊತ್ತಿಲ್ಲ. ಕೂಗಬೇಕು. ಹೆಸರು ಕೊಡೋ ಮಾರಾಯಾ, ಹೆಸರು! ಓವರ್."

ಇದೆಲ್ಲ ಸ್ಪೀಕರಿನಿಂದ ಬಂತು. ಆಕೆ ಬಾಗಿಲಲ್ಲಿ ನಿಂತು ಪೂರಾ ಕೇಳಿಸಿಕೊಂಡಳು. ಕೂಸನ್ನು ನನ್ನ ಹೆಂಡತಿಯ ಕೈಗೆ ಕೊಟ್ಟಳು. ಬಂದು ನನ್ನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನಾನು ಮೈಕನ್ನು ಆಕೆಯ ಬಾಯಿಯ ಹತ್ತಿರ ಹಿಡಿದೆ. ಸೆರಗನ್ನು ಬಾಯಿಂದ ಸರಿಸಿದಳು. ಆಮೇಲೆ ಹೇಳಿದಳು. ಒಂದೇ ಸಲ, ಸಣ್ಣ ದನಿಯಲ್ಲಿ, ಕೂಸಿಗೆ ಹೇಳುವ ಹಾಗೆ.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಆಕೆಯದು.

ರೇಡಿಯೋದ ನಿಯಮ ಏನೆಂದರೆ, ಸುದ್ದಿ ಪಡೆದವನು ಹೆಸರನ್ನು ತಿರುಗಿ ಹೇಳಿ ತೋರಿಸಬೇಕು. ಮಾಸ್ತರರು ಆ ಹೆಸರನ್ನು ಮೂರು ಸಲ ಹೇಳಿದರು. ಗರಗರದೊಳಗಿನಿಂದ, ದೂರದಿಂದ, ಗಂಡು ದನಿಯಲ್ಲಿ ಆ ಹೆಸರು ಮೂರು ಸಲ ನಮ್ಮ ಖೋಲಿಯೊಳಗೆ ಬಂತು. ಆಕೆ ಬೆಚ್ಚಿ ಎದ್ದಳು. ಸೆಟ್ಟಿನ ಹಿಂದೆ ಬಾಗಿ ನೋಡಿದಳು.

"ಯಾರು ಅಂದ್ರು ಅದು? ಅವರು ಒಳಗದಾರೇನು?"

"ಇಲ್ಲವ್ವಾ, ಮಾಸ್ತರು."

ಆಕೆ ನಂಬಲಿಲ್ಲ. ಮಧ್ಯಾಹ್ನದವರೆಗೆ ಸ್ಪೀಕರಿನ ಜಾಲರಿಗೆ ಕಿವಿ ಹಚ್ಚಿ ಕೂತಿದ್ದಳು. ಆ ಕಡೆ ದೋಣಿಯವರು ನೀರಿನ ಮೇಲೆ ಆ ಹೆಸರನ್ನು ಕೂಗುತ್ತ ಗಿಡದಿಂದ ಗಿಡಕ್ಕೆ ಹೋಗುತ್ತಿದ್ದರು. ನನಗೆ ಅದು ಕೇಳಿಸುವಂತಿರಲಿಲ್ಲ, ಮೂವತ್ತು ಮೈಲಿ ದೂರ. ಆದರೂ ಕೇಳಿಸಿತು. ಇವತ್ತಿಗೂ ಮಳೆಗಾಲದಲ್ಲಿ ಸೆಟ್ಟು ಹಚ್ಚಿದರೆ ಗರಗರದ ತಳದಲ್ಲಿ ಯಾರೋ ಅದನ್ನೇ ಕೂಗುತ್ತಿರುತ್ತಾರೆ. ಕಾಂಡೆನ್ಸರ್ ಬದಲಿಸಿದೆ, ಏರಿಯಲ್ ಬದಲಿಸಿದೆ, ಕಡೆಗೆ ಸೆಟ್ಟನ್ನೇ ಬದಲಿಸಿದೆ. ಹೋಗಲಿಲ್ಲ.

ಹನ್ನೆರಡಕ್ಕೆ ಮಾಸ್ತರರು ಮೈಕು ಬಿಟ್ಟು ಕೀಗೆ ಬಂದರು. ಆಗಲೇ ನನಗೆ ಗೊತ್ತಾಯಿತು. ಹೆಂಗಸರಿಗೆ ಕೇಳಿಸಬಾರದ ಸುದ್ದಿಯನ್ನು ನಾವು ಕೀಯಲ್ಲಿ ಹೇಳುತ್ತಿದ್ದೆವು. ಸುದ್ದಿ ಎರಡು ಸಾಲಿನದು. ಮೊದಲ ಸಾಲು: ಆ ಹೆಸರಿನವನ ಹೆಣ ಕೆಳಗಡೆ ಜಾಲಿಗಿಡದಲ್ಲಿ ಸಿಕ್ಕಿದೆ. ಎರಡನೇ ಸಾಲು: ಅವನು ನಿನ್ನೆ ಹೊತ್ತು ಮುಳುಗುವ ಮೊದಲು ದೋಣಿಯ ಹಿಂದೆ ಈಜಲು ನೀರಿಗಿಳಿದು ಅಲ್ಲೇ ಮುಳುಗಿದ್ದನ್ನು ಊರ ಗುಡಿಯ ಮಾಳಿಗೆಯ ಮೇಲಿದ್ದ ಮಂದಿ ಕಣ್ಣಾರೆ ನೋಡಿದ್ದಾರೆ, ಮನೆಯವರಿಗೆ ತಿಳಿಸು.

ನಾನು ಎರಡನ್ನೂ ಬರೆದುಕೊಂಡೆ. ಎದ್ದು ನಿಂತೆ. ಆಕೆ ನನ್ನ ಮುಖ ನೋಡಿದಳು.

ಮೊದಲ ಸಾಲನ್ನು ಹೇಳಿದೆ. ಎರಡನೆಯದನ್ನು ಹೇಳಲಿಲ್ಲ.

ಯಾಕೆ ಹೇಳಲಿಲ್ಲ? ಆಗ ನನಗೆ ನಾನೇ ಹೇಳಿಕೊಂಡದ್ದು, ಅಳುವ ಹೆಣ್ಣಿಗೆ ಅಷ್ಟೆಲ್ಲ ಯಾಕೆ ಎಂದು. ಖರೆ ಅದಲ್ಲ. ದೋಣಿಯ ಹಿಂದೆ ಈಜಿದ ಎಂದರೆ, ದೋಣಿ ಯಾಕೆ ಬಿಟ್ಟು ಹೋಯಿತು ಎನ್ನುವ ಮಾತು ಬರುತ್ತದೆ. "ಒಬ್ಬ" ಎಂದು ಬರೆದವನು ಯಾರು ಎನ್ನುವ ಮಾತು ಬರುತ್ತದೆ. ನಾವು ಕುಂಕುಮ ಹಚ್ಚಿ ನಕ್ಕ ಹೊತ್ತಿಗೆ ಅವನು ನೀರಿನೊಳಗಿದ್ದ. ಅದನ್ನು ನನ್ನ ಬಾಯಿಂದ ಹೇಳಲು ಧೈರ್ಯ ಸಾಲಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಅದರಿಂದ ಏನಾಯಿತು ಎನ್ನುವುದು ನನಗೆ ಗೊತ್ತಾದದ್ದು ಮೂರು ವರ್ಷದ ಮೇಲೆ, ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ. ಆಕೆಯೇ ನನ್ನನ್ನು ಗುರುತು ಹಿಡಿದು ಬಂದಳು. ಹಣೆ ಬರಿದು. ಪಕ್ಕದಲ್ಲಿ ಕೂಸು ಈಗ ಓಡಾಡುತ್ತಿತ್ತು.

"ಆರಾಮ ಅದೀರೇನಣ್ಣಾ? ವೈನಿ ಆರಾಮ ಅದಾರ?" ಎಂದು ಕೇಳಿ, ಏನೋ ಹವಾಮಾನ ಹೇಳುವ ಹಾಗೆ ಹೇಳಿದಳು: "ನಾನ ತಿಂದೆ ಅವರ್ನ. ಮುಂಜಾನಿ ಹೆಸರು ಹೇಳಿದೆ, ಮಧ್ಯಾಹ್ನಕ್ಕ ಹೆಣ ಬಂತು. ನನ್ನ ಬಾಯಿ ಕೆಟ್ಟದ್ದು."

"ಹಂಗನಬ್ಯಾಡವ್ವಾ," ಅಂದೆ.

"ಮತ್ತ ಹೆಂಗನ್ಲಿ?"

ಹೇಳುವುದಕ್ಕೆ ನನ್ನ ಬಳಿ ಇಡೀ ಒಂದು ಸಾಲಿತ್ತು. ಆಕೆ ಹೆಸರು ಹೇಳುವ ಹೊತ್ತಿಗೆ ಅವನು ತೀರಿಹೋಗಿ ಹನ್ನೆರಡು ತಾಸು ಆಗಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಮುದ್ದೇಬಿಹಾಳದ ಬಸ್ಸು ಬಂತು. ಆಕೆ ಕೂಸನ್ನೆತ್ತಿಕೊಂಡು ಹತ್ತಿದಳು. ನಾನು ಕೈ ಬೀಸಿದೆ, ಮೂರ್ಖನ ಹಾಗೆ.

ಅಲ್ಲಿಂದ ಮುಂದೆ ನಾನು ಎಷ್ಟೋ ಆಪತ್ತಿನ ಸುದ್ದಿ ದಾಟಿಸಿದೆ. ಹಾವು ಕಡಿದವರಿಗೆ ಔಷಧ, ಹೆರಿಗೆ ಕಷ್ಟವಾದವರಿಗೆ ಗಾಡಿ. ಹೆಸರು ಇಲ್ಲದ ಒಂದನ್ನೂ ತೆಗೆದುಕೊಳ್ಳಲಿಲ್ಲ. ಹೆಂಗಸರು ಅಳಲಿ, ಬಯ್ಯಲಿ, ಹೆಸರು ಹೇಳುವ ತನಕ ಬಿಡುತ್ತಿರಲಿಲ್ಲ. "ಈ ಮನಶ್ಯಾಗ ಕರುಳಿಲ್ಲ," ಎಂದು ಹೆಸರು ಕೆಟ್ಟಿತು. ಕೆಡಲಿ ಎಂದೆ. ಆದರೆ ಜೇಬಿನ ಕಾಗದ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆಯಿಂದ ಕಪಾಟಿಗೆ. ಮಾಸ್ತರರು ಸಾಯುವ ಮುಂದೆ ಒಮ್ಮೆ ಕೇಳಿದ್ದರು, ಆ ಹೆಣ್ಣುಮಗಳಿಗೆ ಎರಡೂ ಸಾಲು ಹೇಳಿದಿಯಲ್ಲ ಎಂದು. ಅವರಿಗೂ ಹ್ಞೂಂ ಅಂದಿದ್ದೆ.

ಮೊಮ್ಮಗಳು ಕೇಳಿದಾಗ ಅದೇ ಸುಳ್ಳನ್ನು ಎರಡನೇ ಸಲ ಹೇಳಿದ್ದೆ. ಇಷ್ಟು ಸುಖ ಕೊಟ್ಟ ಕೂಸಿಗೆ ಸುಳ್ಳು ಹೇಳಿ ಕುರ್ಚಿ ಬಿಟ್ಟುಕೊಡುವುದೇ? ವಿಚಾರಿಸಿದೆ. ಆಕೆ ಈಗ ನಾಲತವಾಡದ ಹತ್ತಿರ ಮಗಳ ಮನೆಯಲ್ಲಿದ್ದಾಳೆಂದು ತಿಳಿಯಿತು. ಕಾಗದ ತೆಗೆದುಕೊಂಡು ಬಸ್ಸು ಹತ್ತಿದೆ. ಆ ನೆರೆ ಬಂದು ಮೂವತ್ತೈದು ವರ್ಷ ದಾಟಿತ್ತು.

ಬಾಗಿಲು ತೆರೆದವಳು ಆಕೆಯ ಮಗಳು, ಅಂದಿನ ಕಂಕುಳ ಕೂಸು. "ಅವ್ವ ಹಿತ್ತಲದಾಗ ತೊಗರಿ ಹಸನ ಮಾಡಾಕತ್ತಾಳ, ಬರ್ರಿ," ಎಂದು ಕರೆದುಕೊಂಡು ಹೋಗುತ್ತ ತಾನಾಗಿಯೇ ಹೇಳಿದಳು: "ಅಕಿ ಹೆಸರು ಹಿಡದು ಕರೀಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾರ ಹೆಸರೂ ಹೇಳಂಗಿಲ್ಲ. ನನ್ನನ್ನೂ 'ಏ ಕೂಸ' ಅಂತಾಳ, ನನ್ನ ಮಗಳನ್ನೂ 'ಏ ಕೂಸ' ಅಂತಾಳ. ಇಬ್ಬರೂ ಓಡಿ ಬರ್ತೇವಿ!" ನಕ್ಕಳು. ನಾನು ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡೆ.

ಆಕೆಯ ತಲೆ ಬೆಳ್ಳಗಾಗಿತ್ತು. ಮೊರದಲ್ಲಿ ಕೈಯಾಡಿಸುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ, "ರೇಡಿಯೋದಣ್ಣ," ಅಂದಳು. ಕೂಡು ಅಂದಳು. ನಾನು ಕೂರಲಿಲ್ಲ. ನಿಂತುಕೊಂಡೇ ಕಾಗದ ಬಿಚ್ಚಿದೆ. ನನ್ನದೇ ಅಕ್ಷರ, ಮಾಸಿದ ಪೆನ್ಸಿಲ್ಲು. ಎರಡೂ ಸಾಲನ್ನು ಒಂದು ಶಬ್ದ ಕೂಡಿಸದೆ, ಒಂದು ಶಬ್ದ ಬಿಡದೆ ಓದಿದೆ. ಆಮೇಲೆ "ಒಬ್ಬ" ಎಂದು ಬರೆದದ್ದು ನಾನು ಎಂದೂ ಹೇಳಿದೆ.

ಮೊರದ ಮೇಲಿನ ಕೈ ನಿಂತಿತು.

"ಯಾ ವ್ಯಾಳ್ಯಾಕ ಅಂದಿ?"

"ಹೊತ್ತು ಮುಳಗೂಕಿಂತ ಮೊದಲ."

"ನಾ ಹೇಳಿದ್ದು?"

"ಮರುದಿನ ಮುಂಜಾನಿ."

"ಅಂದ್ರ ನಾ ಹೇಳೂಮುಂದ..."

"ಇರಲಿಲ್ಲವ್ವಾ. ಆಗಲೇ ಇರಲಿಲ್ಲ."

ಆಕೆ ಮೊರವನ್ನು ಎತ್ತಿ ನೆಲಕ್ಕೆ ಕುಕ್ಕಿದಳು. ಕಾಳು ಅಂಗಳದ ತುಂಬ ಚೆಲ್ಲಿತು.

"ಇಷ್ಟು ವರ್ಷ ಇದನ್ನ ಕಿಸೇದಾಗ ಇಟ್ಕೊಂಡು ತಿರಗಿದಿ? ಬಾಗೇವಾಡ್ಯಾಗ ನನ್ನ ಮುಂದ ನಿಂತಿದ್ದಿಯಲ್ಲೋ! ನಾ ನನ್ನ ಬಾಯಿ ಹೊಲಕೊಂಡೆ. ಮಗಳು ಜ್ವರದಾಗ ಬಿದ್ದಾಗ ಹೆಸರು ಹಿಡದು ಕರೀಲಿಲ್ಲ ನಾ, ಎಲ್ಲಿ ಅಕೀನೂ ಹೋಗಿಬಿಡ್ತಾಳೋ ಅಂತ ಅಂಜಿ. ನೀ ಮನಶ್ಯಾನೋ ಏನೋ?"

ಮಗಳು ಓಡಿ ಬಂದು ಏನಾಯ್ತವ್ವಾ ಎಂದಳು. ಆಕೆ ನೆಲಕ್ಕೆ ಬಿದ್ದ ಕಾಳನ್ನು ಬಳಿದುಕೊಳ್ಳತೊಡಗಿದಳು. ನಾನೂ ಬಗ್ಗಿ ಆರಿಸತೊಡಗಿದೆ. ಇಬ್ಬರೂ ಎದುರುಬದುರು ಕೂತು ಕಾಳು ಆರಿಸಿದೆವು.

ಹಿತ್ತಲ ಗೋಡೆಯ ಆಚೆ ಆಕೆಯ ಆರು ವರ್ಷದ ಮೊಮ್ಮಗಳು ಆಡಿನ ಮರಿಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು. ಆಕೆ ತಲೆ ಎತ್ತಿದಳು. ಬಾಯಿ ತೆರೆದಳು, ಮುಚ್ಚಿದಳು. ತುಟಿ ಒರೆಸಿಕೊಂಡಳು. ಆಮೇಲೆ ಆ ಹುಡುಗಿಯ ಹೆಸರು ಹಿಡಿದು ಕರೆದಳು.

ಹುಡುಗಿ ತಿರುಗಿ ನೋಡಲಿಲ್ಲ. ಆ ದನಿಯಲ್ಲಿ ತನ್ನ ಹೆಸರು ಅದಕ್ಕೆ ಗುರುತಿರಲಿಲ್ಲ. ಓಡುತ್ತಲೇ ಇತ್ತು.

ಆಕೆ ಗೋಡೆ ಹಿಡಿದು ಎದ್ದು ನಿಂತು ಮತ್ತೊಮ್ಮೆ, ಈ ಸಲ ಗಟ್ಟಿಯಾಗಿ, ಕೂಗಿದಳು.